ಒಳಾಂಗಣ ಸಸ್ಯಾಲಂಕಾರ

ಒಳಾಂಗಣ ಸಸ್ಯಾಲಂಕಾರವೆಂದರೆ ಮನೆಯೊಳಗೆ ಕುಂಡ, ತೂಗುಬುಟ್ಟಿ ಹಾಗೂ ಗಾಜಿನ ಪಾತ್ರೆಗಳಲ್ಲಿ ಗಿಡಗಳನ್ನು ಬೆಳೆಸಿ, ಅವುಗಳಿಂದ ಮನೆಯನ್ನು ಅಂದಗೊಳಿಸುವ ಕ್ರಮ. ಇದಕ್ಕೆ ಬಳಸುವ ಗಿಡಗಳನ್ನು ಒಳಾಂಗಣ ಸಸ್ಯಗಳು ಎನ್ನುತ್ತಾರೆ. ಇವುಗಳಲ್ಲಿ ಹಲವು ಉಷ್ಣವಲಯದ ಕಾಡುಗಳಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವಂಥವು. ಆದ್ದರಿಂದಲೇ ಅವು ನೇರ ಬಿಸಿಲು ಬೀಳದ ಕೋಣೆಗಳಲ್ಲಿಯೂ ಬದುಕಬಲ್ಲವು. ಆದರೆ ಬೆಳಕಿಲ್ಲದೆ ಬದುಕುವ ಹಸಿರು ಗಿಡ ಯಾವುದೂ ಇಲ್ಲ. ಮನೆಯಲ್ಲಿ ಖಾಲಿ ಇರುವ ಮೂಲೆಯೆಲ್ಲ ಗಿಡಕ್ಕೆ ಯೋಗ್ಯವಾದ ಸ್ಥಳವಲ್ಲ. ಬೆಳಕು ತಲುಪುವ ಸ್ಥಳವೇ ಗಿಡದ ಸ್ಥಳ. ಮೊದಲು ಸ್ಥಳವನ್ನು ಗಮನಿಸಿ, ಅನಂತರ ಅದಕ್ಕೆ ಹೊಂದುವ ಗಿಡವನ್ನು ಆರಿಸುವುದು ಈ ಕಲೆಯ ಮೂಲ ನಿಯಮ.

ಇತಿಹಾಸ

ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಯೊಳಗೆ ಗಿಡ ಬೆಳೆಸುವ ಹವ್ಯಾಸ ಇಂಗ್ಲೆಂಡಿನಲ್ಲಿ ವ್ಯಾಪಕವಾಯಿತು. ಇದಕ್ಕೆ ನೆರವಾದವರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಪ್ರಮುಖನು. ನಗರದ ಕಲ್ಲಿದ್ದಲ ಹೊಗೆಯಿಂದಾಗಿ ಅವನ ತೋಟದ ಜರೀಗಿಡಗಳು ಬದುಕುತ್ತಿರಲಿಲ್ಲ. 1829ರಲ್ಲಿ ಅವನು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಮುಚ್ಚಿದ ಬಾಟಲಿಯಲ್ಲಿ ಇಟ್ಟಿದ್ದಾಗ, ಆ ಮಣ್ಣಿನಲ್ಲಿ ಒಂದು ಜರೀಗಿಡವೂ ಹುಲ್ಲೂ ಮೊಳೆತು ಚೆನ್ನಾಗಿ ಬೆಳೆಯುವುದನ್ನು ಕಂಡನು. ಹಗಲಿನಲ್ಲಿ ಆವಿಯಾದ ನೀರು ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿದ್ದುದರಿಂದ ಹೊರಗಿನಿಂದ ನೀರು ಹಾಕುವ ಅಗತ್ಯ ಬೀಳುತ್ತಿರಲಿಲ್ಲ. ಈ ತತ್ತ್ವದ ಮೇಲೆ ಅವನು ರೂಪಿಸಿದ ಗಾಜಿನ ಪೆಟ್ಟಿಗೆಗೆ ‘ವಾರ್ಡಿಯನ್ ಪೆಟ್ಟಿಗೆ’ ಎಂಬ ಹೆಸರು ಬಂದಿತು.

1833ರಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಇಟ್ಟು ಕಳುಹಿಸಿದ ಗಿಡಗಳು ಇಂಗ್ಲೆಂಡಿನಿಂದ ಸಿಡ್ನಿಯವರೆಗೆ ಜೀವಂತವಾಗಿ ತಲುಪಿದವು. ಅದಕ್ಕೆ ಮೊದಲು ಹಡಗಿನಲ್ಲಿ ಸಾಗಿಸುವ ಗಿಡಗಳಲ್ಲಿ ಬಹುಪಾಲು ಉಪ್ಪುಗಾಳಿಯಿಂದಲೂ ಸಿಹಿನೀರಿನ ಕೊರತೆಯಿಂದಲೂ ಸಾಯುತ್ತಿದ್ದವು. ಚೀನಾದಿಂದ ಭಾರತಕ್ಕೆ ಚಹಾ ಗಿಡಗಳು ಬಂದದ್ದೂ ಇಂಥ ಪೆಟ್ಟಿಗೆಗಳಲ್ಲಿಯೇ. ವಾರ್ಡ್ 1842ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಇಂದು ‘ಟೆರೇರಿಯಂ’ ಎಂದು ಕರೆಯಲಾಗುವ ಗಾಜಿನ ಪಾತ್ರೆಯ ಪುಟ್ಟ ತೋಟ ವಾರ್ಡಿಯನ್ ಪೆಟ್ಟಿಗೆಯ ಮುಂದುವರಿದ ರೂಪ. ಅದೇ ಕಾಲದ ಇಂಗ್ಲಿಷ್ ಮನೆಗಳ ಮಂದ ಬೆಳಕಿನಲ್ಲಿ, ಅನಿಲ ದೀಪಗಳ ಹೊಗೆಯ ನಡುವೆಯೂ ಬದುಕುತ್ತಿದ್ದ ಆಸ್ಪಿಡಿಸ್ಟ್ರಾ ಎಂಬ ಗಿಡ ಬಹಳ ಜನಪ್ರಿಯವಾಗಿತ್ತು.

ಕರ್ನಾಟಕದಲ್ಲಿ

ಕರ್ನಾಟಕದ ಹಳೆಯ ತೊಟ್ಟಿ ಮನೆಗಳಲ್ಲಿ ಮನೆಯ ನಡುವೆಯೇ ಆಕಾಶಕ್ಕೆ ತೆರೆದ ಅಂಗಳವಿರುತ್ತಿತ್ತು. ಗಾಳಿ, ಬೆಳಕು, ಮಳೆ ಮೂರೂ ಒಳಗೆ ಬರುತ್ತಿದ್ದುದರಿಂದ ಒಳಾಂಗಣ ಗಿಡವೆಂಬ ಪ್ರತ್ಯೇಕ ಕಲ್ಪನೆಯ ಅಗತ್ಯ ಅಲ್ಲಿ ಇರಲಿಲ್ಲ. ತುಳಸಿ ಕಟ್ಟೆ ಅಂಗಳದಲ್ಲಿಯೋ ಮನೆಯ ಮುಂದೆಯೋ ಬಿಸಿಲಿನಲ್ಲಿ ಇರುತ್ತಿತ್ತು. ನಗರಗಳಲ್ಲಿ ನಿವೇಶನಗಳು ಕಿರಿದಾಗಿ, ವಸತಿ ಸಮುಚ್ಚಯಗಳು ಹೆಚ್ಚಿದ ಮೇಲೆ ಗಿಡಗಳು ಅಂಗಳದಿಂದ ಬಾಲ್ಕನಿಗೂ ಬಾಲ್ಕನಿಯಿಂದ ಕೋಣೆಗೂ ಬಂದವು. ಈ ಬದಲಾವಣೆಯಲ್ಲಿ ತುಳಸಿಯನ್ನು ದೇವರ ಕೋಣೆಯಲ್ಲಿಯೋ ನಡುಮನೆಯಲ್ಲಿಯೋ ಇಡುವುದುಂಟು. ತುಳಸಿಗೆ ದಿನಕ್ಕೆ ಹಲವು ಗಂಟೆಗಳ ನೇರ ಬಿಸಿಲು ಬೇಕಾದುದರಿಂದ ಅಲ್ಲಿ ಅದು ಸೊರಗಿ ಒಣಗುತ್ತದೆ. ಇದು ಆರೈಕೆಯ ಲೋಪವಲ್ಲ, ಸ್ಥಳದ ದೋಷ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳು ಕುಂಡದ ಗಿಡಗಳ ಬಗೆಗೆ ಜನರಲ್ಲಿ ಆಸಕ್ತಿ ಮೂಡಿಸಿವೆ. ಈ ಪ್ರದರ್ಶನಗಳು ನಡೆಯುವ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. ಲಾಲ್‌ಬಾಗಿನ ಪಕ್ಕದ ಸಿದ್ದಾಪುರವು ನರ್ಸರಿಗಳಿಗೆ ಹೆಸರಾದ ಪ್ರದೇಶ.

ಬೆಳಕನ್ನು ಗುರುತಿಸುವುದು

ಬಯಲಿನ ನಡುಹಗಲ ಬಿಸಿಲಿನಲ್ಲಿ ಬೆಳಕಿನ ತೀವ್ರತೆ ಸುಮಾರು 1,00,000 ಲಕ್ಸ್ ಇರುತ್ತದೆ. ಮನೆಯ ಒಳಗೆ ಅದು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಮನುಷ್ಯನ ಕಣ್ಣು ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುವುದರಿಂದ ಈ ಅಗಾಧ ವ್ಯತ್ಯಾಸ ನಮಗೆ ತೋರುವುದಿಲ್ಲ. ಕಿಟಕಿಯಿಂದ ಎರಡು ಮೂರು ಮೀಟರ್ ಹಿಂದೆ ಸರಿದರೆ ಬೆಳಕು ಹಲವು ಪಟ್ಟು ಕುಗ್ಗುತ್ತದೆ.

ಬೆಳಕನ್ನು ಅಳೆಯಲು ಸರಳವಾದ ಒಂದು ವಿಧಾನವಿದೆ. ಗಿಡ ಇಡಬೇಕೆಂದಿರುವ ಸ್ಥಳದಲ್ಲಿ ಹಗಲು ಹೊತ್ತು ದೀಪಗಳನ್ನು ಆರಿಸಿ, ಬಿಳಿಯ ಕಾಗದವನ್ನು ಹರಡಿ, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕೈಯನ್ನು ಹಿಡಿಯಬೇಕು.

• ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಅದು ಹೆಚ್ಚು ಬೆಳಕಿನ ಸ್ಥಳ.
• ಅಂಚು ಮಸುಕಾಗಿದ್ದು ಕೈಯ ಆಕಾರ ತಿಳಿಯುವಂತಿದ್ದರೆ ಅದು ಮಧ್ಯಮ ಬೆಳಕಿನ ಸ್ಥಳ.
• ನೆರಳು ಕಾಣುವುದೇ ಕಷ್ಟವಾದರೆ ಅದು ಕಡಿಮೆ ಬೆಳಕಿನ ಸ್ಥಳ.

ಕಿಟಕಿಯ ದಿಕ್ಕೂ ಮುಖ್ಯ. ಪೂರ್ವದ ಕಿಟಕಿಗೆ ಬೆಳಗಿನ ಎಳೆಬಿಸಿಲು ಬೀಳುವುದರಿಂದ ಬಹುತೇಕ ಗಿಡಗಳಿಗೆ ಅದು ಅನುಕೂಲ. ಪಶ್ಚಿಮದ ಮಧ್ಯಾಹ್ನದ ಬಿಸಿಲು ಬೇಸಿಗೆಯಲ್ಲಿ ಎಲೆಗಳನ್ನು ಸುಡಬಹುದು. ಅಲ್ಲಿ ತೆಳುವಾದ ಪರದೆ ಬೇಕು. ದಕ್ಷಿಣದ ಕಿಟಕಿಯಲ್ಲಿ ಚಳಿಗಾಲದ ಬಿಸಿಲು ಕೋಣೆಯ ಒಳಗೆ ದೂರದವರೆಗೆ ಬರುತ್ತದೆ. ಉತ್ತರದ ಕಿಟಕಿಯಲ್ಲಿ ವರ್ಷದ ಹೆಚ್ಚಿನ ಕಾಲ ಮೃದುವಾದ ಬೆಳಕು ಇರುತ್ತದೆ. ಆದರೆ ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಇರುವುದರಿಂದ, ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಸ್ವಲ್ಪ ನೇರ ಬಿಸಿಲು ಸಿಗಬಹುದು. ಎದುರಿನ ಕಟ್ಟಡ ಅಡ್ಡವಾಗಿದ್ದರೆ ದಿಕ್ಕಿನ ಲೆಕ್ಕವೆಲ್ಲ ಬದಲಾಗುತ್ತದೆ.

ಗೆಣ್ಣುಗಳ ನಡುವಿನ ಅಂತರ ಹೆಚ್ಚಾಗಿ ಕಾಂಡವು ಸಣಕಲಾಗುವುದು, ಗಿಡ ಕಿಟಕಿಯತ್ತ ಬಾಗುವುದು, ಬಣ್ಣದ ಎಲೆಗಳು ಬರಿಯ ಹಸಿರಾಗುವುದು ಇವು ಬೆಳಕಿನ ಕೊರತೆಯ ಲಕ್ಷಣಗಳು. ಎಲೆಗಳು ಬಿಳಚಿಕೊಂಡು ಕಂದು ಕಲೆಗಳಾಗುವುದು ಅತಿಯಾದ ಬಿಸಿಲಿನ ಲಕ್ಷಣ.

ಸಣ್ಣ ಮನೆಗಳಲ್ಲಿ ಸ್ಥಳಾವಕಾಶ

ನೆಲದ ಮೇಲೆ ಜಾಗವಿಲ್ಲದಿದ್ದರೂ ಗೋಡೆ, ಕಿಟಕಿ ಮತ್ತು ಎತ್ತರವನ್ನು ಬಳಸಿಕೊಳ್ಳಬಹುದು.

• ಕಿಟಕಿಯ ಕಟ್ಟೆ: ಬೆಳಕಿನ ದೃಷ್ಟಿಯಿಂದ ಮನೆಯ ಅತ್ಯುತ್ತಮ ಸ್ಥಳ. ಬಾಗಿಲುಗಳನ್ನು ತೆರೆದು ಮುಚ್ಚಲು ಅಡ್ಡಿಯಾಗದ ಚಿಕ್ಕ ಕುಂಡಗಳು ಇಲ್ಲಿ ಸೂಕ್ತ.
• ತೂಗುಬುಟ್ಟಿ: ಕಿಟಕಿಯ ಬಳಿ ಸೂರಿಗೆ ಕೊಕ್ಕೆ ಹಾಕಿ ಬಳ್ಳಿಗಳನ್ನು ತೂಗುಬಿಡಬಹುದು. ನೀರು ಹಾಕಲು ಕೈಗೆಟಕುವಂತಿರಬೇಕು.
• ಮೆಟ್ಟಿಲು ಚೌಕಟ್ಟು: ಒಂದು ಅಡಿಗೂ ಕಡಿಮೆ ಆಳದ ಮೆಟ್ಟಿಲು ಆಕಾರದ ಕಪಾಟಿನಲ್ಲಿ ಹತ್ತಾರು ಕುಂಡಗಳನ್ನು ಒಂದಕ್ಕೊಂದು ನೆರಳಾಗದಂತೆ ಇಡಬಹುದು. ಮೊಳೆ ಹೊಡೆಯಲು ಅವಕಾಶವಿಲ್ಲದ ಬಾಡಿಗೆ ಮನೆಗಳಿಗೆ ಇದು ಅನುಕೂಲ.
• ಕೋಣೆಯ ವಿಭಜಕ: ಊಟದ ಜಾಗವನ್ನೂ ನಡುಮನೆಯನ್ನೂ ಬೇರ್ಪಡಿಸಲು ಎತ್ತರದ ಗಿಡಗಳ ಸಾಲನ್ನು ಬಳಸಬಹುದು.
• ಬಚ್ಚಲುಮನೆ: ಕಿಟಕಿ ಇದ್ದರೆ ಅಲ್ಲಿನ ತೇವದ ಗಾಳಿ ಜರೀಗಿಡಗಳಿಗೆ ಹಿತಕರ.

ಬೆಳಕಿಲ್ಲದ ಮೂಲೆಯಲ್ಲಿಯೂ ಹಸಿರು ಬೇಕೆಂದರೆ ಒಂದೇ ಜಾತಿಯ ಎರಡು ಗಿಡಗಳನ್ನು ಇಟ್ಟುಕೊಂಡು, ಒಂದನ್ನು ಮೂಲೆಯಲ್ಲಿಯೂ ಇನ್ನೊಂದನ್ನು ನೇರ ಬಿಸಿಲು ಬೀಳದ ಬೆಳಕಿನಲ್ಲಿಯೂ ಇಟ್ಟು, ವಾರಕ್ಕೊಮ್ಮೆ ಅದಲುಬದಲು ಮಾಡಬಹುದು.

ಫ್ರಿಜ್, ದೂರದರ್ಶನ, ವಿದ್ಯುತ್ ಸಾಧನಗಳ ಮೇಲೆ ಕುಂಡ ಇಡಬಾರದು. ಒಲೆಯ ಪಕ್ಕವೂ ಹವಾನಿಯಂತ್ರಕದ ಗಾಳಿ ನೇರವಾಗಿ ತಾಕುವ ಜಾಗವೂ ಯೋಗ್ಯವಲ್ಲ. ಒದ್ದೆ ಮಣ್ಣಿನ ತೂಕ ಲೀಟರಿಗೆ ಸುಮಾರು 1.5 ಕಿಲೋಗ್ರಾಂ ಆಗಬಹುದಾದುದರಿಂದ, ಗೋಡೆಯ ಹಲಗೆಗಳನ್ನೂ ಕೊಕ್ಕೆಗಳನ್ನೂ ನೀರು ಹಾಕಿದ ಮೇಲಿನ ತೂಕಕ್ಕೆ ತಕ್ಕಂತೆ ಭದ್ರಪಡಿಸಬೇಕು. ಮಹಡಿ ಮನೆಗಳಲ್ಲಿ ಬಾಲ್ಕನಿಯ ಕೈಪಿಡಿ ಗೋಡೆಯ ಮೇಲೆ ಬಿಡಿಯಾಗಿ ಇಟ್ಟ ಕುಂಡ ಗಾಳಿಗೆ ಬಿದ್ದು ಕೆಳಗಿರುವವರ ಪ್ರಾಣಕ್ಕೆ ಅಪಾಯ ತರಬಹುದು.

ಸಾಮಾನ್ಯವಾಗಿ ಬೆಳೆಸುವ ಸಸ್ಯಗಳು

ಕಡಿಮೆ ಬೆಳಕನ್ನು ಸಹಿಸುವವು

• ಸ್ನೇಕ್ ಪ್ಲಾಂಟ್: ಪಶ್ಚಿಮ ಆಫ್ರಿಕ ಮೂಲದ್ದು. ಖಡ್ಗದಂತೆ ನೇರವಾಗಿ ನಿಲ್ಲುವ ದಪ್ಪ ಎಲೆಗಳಲ್ಲಿ ನೀರನ್ನು ಸಂಗ್ರಹಿಸುತ್ತದೆ. ಕಡಿಮೆ ಜಾಗ ಸಾಕು.
• ಜೆಡ್ ಜೆಡ್ ಗಿಡ: ಪೂರ್ವ ಆಫ್ರಿಕ ಮೂಲದ್ದು. ಮಣ್ಣಿನೊಳಗಿನ ಗೆಡ್ಡೆಗಳಲ್ಲಿ ನೀರು ಇರುವುದರಿಂದ ಕೆಲವು ವಾರ ನೀರಿಲ್ಲದೆಯೂ ತಾಳುತ್ತದೆ.
• ಅಗ್ಲೋನೆಮ: ಉಷ್ಣವಲಯದ ಏಷ್ಯಾದ ಗಿಡ. ಗಾಢ ಹಸಿರು ತಳಿಗಳು ಮಂದ ಬೆಳಕನ್ನು ಸಹಿಸುತ್ತವೆ. ಕೆಂಪು ತಳಿಗಳಿಗೆ ಹೆಚ್ಚು ಬೆಳಕು ಬೇಕು.

ಮಧ್ಯಮ ಬೆಳಕು ಬೇಕಾದವು

• ಮನಿ ಪ್ಲಾಂಟ್: ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ ಮೂಲದ ಬಳ್ಳಿ. ಗೆಣ್ಣಿರುವ ತುಂಡನ್ನು ನೀರಿನಲ್ಲಿಟ್ಟರೂ ಬೇರು ಬಿಡುತ್ತದೆ.
• ಸ್ಪೈಡರ್ ಪ್ಲಾಂಟ್: ಆಫ್ರಿಕ ಮೂಲದ್ದು. ಉದ್ದನೆಯ ಕಡ್ಡಿಗಳ ತುದಿಯಲ್ಲಿ ಮರಿಗಿಡಗಳನ್ನು ಬಿಡುವುದರಿಂದ ತೂಗುಬುಟ್ಟಿಗೆ ಒಪ್ಪುತ್ತದೆ.
• ಪೀಸ್ ಲಿಲಿ: ಮನೆಯೊಳಗೆ ಬಿಳಿಯ ಹೂ ಬಿಡುವ ಕೆಲವೇ ಗಿಡಗಳಲ್ಲೊಂದು. ನೀರು ಕಡಿಮೆಯಾದರೆ ಎಲೆಗಳನ್ನು ಜೋಲುಬಿಟ್ಟು ಸೂಚಿಸುತ್ತದೆ.

ಹೆಚ್ಚು ಬೆಳಕು ಬೇಕಾದವು

• ಅರೆಕಾ ಪಾಮ್: ಹೆಸರು ಅಡಿಕೆಯನ್ನು ನೆನಪಿಸಿದರೂ ಇದು ಅಡಿಕೆ ಮರವಲ್ಲ, ಮಡಗಾಸ್ಕರ್ ಮೂಲದ ಬೇರೊಂದು ತಾಳೆ.
• ರಬ್ಬರ್ ಪ್ಲಾಂಟ್: ಆಲದ ಬಳಗದ ಮರ. ತೋಟಗಳಲ್ಲಿ ಬೆಳೆಯುವ ರಬ್ಬರ್ ಮರಕ್ಕಿಂತ ಭಿನ್ನ. ಮೇಘಾಲಯದ ಜೀವಂತ ಬೇರಿನ ಸೇತುವೆಗಳು ಇದೇ ಜಾತಿಯ ಮರದವು.
• ಲೋಳೆಸರ: ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಚೆನ್ನಾಗಿ ಬೆಳೆಯುತ್ತದೆ.

ಜೋಡಣೆ

ಎತ್ತರದ ಗಿಡವನ್ನು ಹಿಂದೆಯೂ ಪೊದೆಯಂಥದನ್ನು ನಡುವೆಯೂ ಇಳಿಬೀಳುವ ಬಳ್ಳಿಯನ್ನು ಮುಂದೆಯೂ ಇಡುವುದು ವಾಡಿಕೆ. ಅಗಲವಾದ ಎಲೆಯ ಪಕ್ಕದಲ್ಲಿ ಸೀಳು ಎಲೆ ಇದ್ದರೆ ಎರಡೂ ಎದ್ದು ಕಾಣುತ್ತವೆ. ಕಿರಿದಾದ ಕೋಣೆಯಲ್ಲಿ ಚದುರಿದ ಹತ್ತು ಚಿಕ್ಕ ಕುಂಡಗಳಿಗಿಂತ ಒಂದು ದೊಡ್ಡ ಗಿಡ ಹೆಚ್ಚು ಶೋಭಿಸುತ್ತದೆ. ನೆಲ ಗುಡಿಸಲೂ ಸುಲಭ. ಒಂದೇ ಪ್ರಮಾಣದ ಬೆಳಕು ಮತ್ತು ನೀರು ಬಯಸುವ ಗಿಡಗಳನ್ನು ಒಟ್ಟಿಗೆ ಇಟ್ಟರೆ ಆರೈಕೆ ಸರಳವಾಗುತ್ತದೆ.

ಆರೈಕೆ

ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಅಲಂಕಾರಿಕ ಪಾತ್ರೆಯನ್ನು ಬಳಸುವುದಾದರೆ, ತೂತಿರುವ ಕುಂಡವನ್ನು ಅದರೊಳಗೆ ಇಡಬೇಕು. ಮಣ್ಣಿನ ಕುಂಡ ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಕುಂಡ ತೇವವನ್ನು ಹೆಚ್ಚು ಕಾಲ ಹಿಡಿದಿಡುತ್ತದೆ. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ ಮತ್ತು ಎರೆಹುಳು ಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಿ, ನೀರು ಬಸಿಯಲು ಸ್ವಲ್ಪ ಮರಳು ಸೇರಿಸಿದ ಮಿಶ್ರಣ ಹೆಚ್ಚಿನ ಗಿಡಗಳಿಗೆ ಹೊಂದುತ್ತದೆ.

ಮನೆಯೊಳಗಿನ ಗಿಡಗಳು ಸಾಯಲು ಅತಿಯಾದ ನೀರೇ ಬಹುಮುಖ್ಯ ಕಾರಣ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವನ್ನು ನೀರು ತುಂಬಿದಾಗ ಬೇರುಗಳಿಗೆ ಆಮ್ಲಜನಕ ಸಿಗದೆ ಅವು ಕೊಳೆಯುತ್ತವೆ. ಕೊಳೆತ ಬೇರು ನೀರನ್ನು ಹೀರಲಾರದು. ಆದ್ದರಿಂದ ಎಲೆಗಳು ಬಾಡುತ್ತವೆ. ಇದನ್ನು ಬಾಯಾರಿಕೆಯೆಂದು ತಿಳಿದು ಮತ್ತೆ ನೀರು ಹಾಕಿದರೆ ಗಿಡ ಪೂರ್ತಿಯಾಗಿ ಸಾಯುತ್ತದೆ. ಬೆರಳನ್ನು ಮಣ್ಣಿನಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಇಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಸ್ನೇಕ್ ಪ್ಲಾಂಟ್, ಜೆಡ್ ಜೆಡ್ ಗಿಡ ಮತ್ತು ಲೋಳೆಸರಗಳಿಗೆ ಮಣ್ಣು ಪೂರ್ಣವಾಗಿ ಒಣಗುವವರೆಗೆ ಕಾಯಬೇಕು. ಮಳೆಗಾಲದಲ್ಲಿಯೂ ಕಡಿಮೆ ಬೆಳಕಿನ ಸ್ಥಳಗಳಲ್ಲಿಯೂ ನೀರಿನ ಅಗತ್ಯ ಕಡಿಮೆ.

ಎಲೆಗಳ ಮೇಲೆ ಕುಳಿತ ಧೂಳು ಬೆಳಕನ್ನು ತಡೆಯುವುದರಿಂದ ಒದ್ದೆ ಬಟ್ಟೆಯಿಂದ ಒರೆಸಬೇಕು. ಹಿಟ್ಟು ತಿಗಣೆ, ಶಲ್ಕ ಕೀಟ ಮತ್ತು ನುಸಿ ಸಾಮಾನ್ಯವಾದ ಪೀಡೆಗಳು. ಹೊಸದಾಗಿ ತಂದ ಗಿಡವನ್ನು ಕೆಲವು ದಿನ ಬೇರೆಯಾಗಿ ಇಟ್ಟು ಗಮನಿಸುವುದು ಒಳ್ಳೆಯದು. ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಬೆರೆಸಿ ಸಿಂಪಡಿಸುವುದರಿಂದ ಇವು ಹತೋಟಿಗೆ ಬರುತ್ತವೆ.

ಮುನ್ನೆಚ್ಚರಿಕೆಗಳು

ಡೀಫೆನ್‌ಬಾಕಿಯ, ಮನಿ ಪ್ಲಾಂಟ್, ಪೀಸ್ ಲಿಲಿ, ಅಗ್ಲೋನೆಮ ಮತ್ತು ಜೆಡ್ ಜೆಡ್ ಗಿಡಗಳು ಕೆಸುವಿನ ಕುಟುಂಬಕ್ಕೆ ಸೇರಿದವು. ಇವುಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಹಸಿ ಕೆಸುವಿನ ತುರಿಕೆಗೂ ಇವೇ ಕಾರಣ. ಎಲೆಯನ್ನು ಅಗಿದರೆ ಬಾಯಿ ಉರಿದು ನಾಲಿಗೆ ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಕ್ಕಳೂ ಸಾಕುಪ್ರಾಣಿಗಳೂ ಇರುವ ಮನೆಗಳಲ್ಲಿ ಇವುಗಳನ್ನು ಎಟುಕದಂತೆ ಇಡಬೇಕು. ಮಗು ಅಗಿದಿದ್ದರೆ ಬಾಯಿಯನ್ನು ಶುಚಿಗೊಳಿಸಿ, ಗಿಡದ ಎಲೆಯೊಂದಿಗೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸ್ಪೈಡರ್ ಪ್ಲಾಂಟ್ ಮತ್ತು ಅರೆಕಾ ಪಾಮ್ ನಾಯಿ, ಬೆಕ್ಕುಗಳಿಗೆ ವಿಷಕಾರಿಯಲ್ಲ.

ಡೆಂಗಿಯನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಕುಂಡದ ಕೆಳಗಿನ ತಟ್ಟೆಯೂ ಮನಿ ಪ್ಲಾಂಟ್ ಇಟ್ಟ ನೀರಿನ ಬಾಟಲಿಯೂ ಅದಕ್ಕೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೆ ಒಮ್ಮೆಯಾದರೂ ನೀರನ್ನು ಚೆಲ್ಲಿ ಹೊಸದನ್ನು ತುಂಬಬೇಕು. ನೀರಿನ ಅಂಚಿಗೆ ಅಂಟಿಕೊಂಡ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಉಳಿಯುವುದರಿಂದ ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯುವುದು ಅಗತ್ಯ.

ಪ್ರಚಲಿತ ನಂಬಿಕೆಗಳು

ಕೆಲವು ಗಿಡಗಳು ಕೋಣೆಯ ಗಾಳಿಯನ್ನು ಶುದ್ಧೀಕರಿಸುತ್ತವೆ ಎಂಬ ಮಾತು 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಬಿ. ಸಿ. ವುಲ್ವರ್ಟನ್ ನಡೆಸಿದ ಅಧ್ಯಯನದಿಂದ ಪ್ರಚಾರಕ್ಕೆ ಬಂದಿತು. ಆ ಪ್ರಯೋಗಗಳು ನಡೆದದ್ದು ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಇಂಥ ಹಲವು ಅಧ್ಯಯನಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಕಮಿಂಗ್ಸ್ ಮತ್ತು ವೇರಿಂಗ್ ಅವರ ಲೇಖನದ ಪ್ರಕಾರ, ಸಾಮಾನ್ಯ ಗಾಳಿಯಾಟದಿಂದ ಆಗುವಷ್ಟು ಶುದ್ಧೀಕರಣ ಗಿಡಗಳಿಂದ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕಾಗುತ್ತವೆ. ಅಂದರೆ ಕಿಟಕಿಯನ್ನು ತೆರೆದಿಡುವುದೇ ಹೆಚ್ಚು ಪರಿಣಾಮಕಾರಿ.

ರಾತ್ರಿ ಮಲಗುವ ಕೋಣೆಯಲ್ಲಿ ಗಿಡ ಇರಬಾರದೆಂಬ ನಂಬಿಕೆಯೂ ಇದೆ. ಕತ್ತಲಲ್ಲಿ ಗಿಡಗಳು ಇಂಗಾಲದ ಡೈಆಕ್ಸೈಡನ್ನು ಹೊರಬಿಡುವುದು ನಿಜ. ಆದರೆ ಅದರ ಪ್ರಮಾಣ ಪಕ್ಕದಲ್ಲಿ ಮಲಗಿದ ಮನುಷ್ಯನು ಹೊರಬಿಡುವುದಕ್ಕಿಂತ ತೀರಾ ಕಡಿಮೆ. ಸ್ನೇಕ್ ಪ್ಲಾಂಟ್ ರಾತ್ರಿಯಿಡೀ ಆಮ್ಲಜನಕವನ್ನು ನೀಡುತ್ತದೆ ಎಂಬುದೂ ಸರಿಯಲ್ಲ. ಅದು ರಾತ್ರಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿ ಕೂಡಿಡುತ್ತದೆ. ಆಮ್ಲಜನಕ ಉತ್ಪತ್ತಿಯಾಗುವುದು ಬೆಳಕಿನಲ್ಲಿ ಮಾತ್ರ.