ಸೋಲೋಕೆ ಅಂತಲೇ ದುಡ್ಡು ಕೊಟ್ಟು ಕರೆಸ್ತಾರಾ? ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಎದುರಾಳಿ ಹುಡುಕುವ ಲೆಕ್ಕಾಚಾರ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನ್‌ನಲ್ಲೋ ಮೆಟ್ರೋದಲ್ಲೋ ನಿಂತ್ಕೊಂಡು ಓದೋರಿಗೆ ಅಂತ ಎಂದಿನ ಹಾಗೆ ಈ ಸಲದ ಮಾತನ್ನೂ ಬರಹಕ್ಕೆ ಇಳಿಸಿದ್ದೀನಿ. ಮಾತಿನ ಮಧ್ಯೆ ಬರೋ "ಆಮೇಲೆ", "ಅಂದ್ರೆ" ಎಲ್ಲ ಸ್ವಲ್ಪ ಕಡಿಮೆ ಮಾಡಿದ್ದೀನಿ, ಅಷ್ಟೇ.

ವಿಷಯ ಎಲ್ಲಿಂದ ಬಂತು ಅಂತ ಮೊದಲು ಹೇಳ್ಬಿಡ್ತೀನಿ. ನಾನು ಪುಣೆಯಲ್ಲಿ ಕೂತು ಕೆಲಸ ಮಾಡೋ ಟೀಮಿನ ಇನ್ನರ್ಧ ಅಮೆರಿಕದ ಒಹಾಯೋದಲ್ಲಿದೆ. ಸೆಪ್ಟೆಂಬರ್ ಬಂತು ಅಂದ್ರೆ ಶನಿವಾರ ಅಲ್ಲಿಯವರು ಯಾರೂ ಫೋನಿಗೆ ಸಿಗಲ್ಲ. ಎಲ್ಲರೂ ಕಾಲೇಜ್ ಫುಟ್‌ಬಾಲ್ ನೋಡ್ತಾ ಇರ್ತಾರೆ. ಒಂದ್ಸಲ ಸಹೋದ್ಯೋಗಿಯೊಬ್ಬರನ್ನ ಕೇಳಿದೆ, "ಈ ವಾರ ಯಾರ ಮೇಲೆ ಮ್ಯಾಚು?" ಅವರು ಒಂದು ಸಣ್ಣ ಕಾಲೇಜಿನ ಹೆಸರು ಹೇಳಿ ನಕ್ಕರು, "ಅವರು ಬಂದು ಸೋಲೋಕೆ ನಾವು ಲಕ್ಷಗಟ್ಟಲೆ ಡಾಲರ್ ಕೊಟ್ಟಿದ್ದೀವಿ" ಅಂದ್ರು. ತಮಾಷೆ ಅಂದ್ಕೊಂಡೆ. ತಮಾಷೆ ಅಲ್ಲ. ಅದು ಸಹಿ ಹಾಕಿದ ಒಪ್ಪಂದ.

ಅದೇ ಇವತ್ತಿನ ವಿಷಯ. ಇಲ್ಲಿ ಫುಟ್‌ಬಾಲ್ ಅಂದ್ರೆ ಕೈಯಲ್ಲಿ ಚೆಂಡು ಹಿಡಿದು, ಹೆಲ್ಮೆಟ್ ಹಾಕಿ ಆಡೋ ಅಮೆರಿಕನ್ ಫುಟ್‌ಬಾಲ್. ಆಟದ ನಿಯಮ ಗೊತ್ತಿಲ್ದಿದ್ರೂ ಪರವಾಗಿಲ್ಲ, ಈ ಕಥೆಗೆ ಅದು ಬೇಕಾಗಲ್ಲ.

ಹನ್ನೆರಡು ಪಂದ್ಯ, ಇಬ್ಬರು ಯಜಮಾನರು

ಐಪಿಎಲ್ ವೇಳಾಪಟ್ಟಿ ಯಾರು ಮಾಡ್ತಾರೆ? ಬಿಸಿಸಿಐ. ಯಾವ ತಂಡ ಯಾರ ಜೊತೆ, ಎಲ್ಲಿ, ಎಷ್ಟು ಗಂಟೆಗೆ ಆಡಬೇಕು ಅಂತ ಒಂದೇ ಕಡೆಯಿಂದ ಬರುತ್ತೆ. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಹಾಗಿಲ್ಲ.

ಅಲ್ಲಿನ ಅತ್ಯುನ್ನತ ದರ್ಜೆಗೆ ಎಫ್‌ಬಿಎಸ್ ಅಂತಾರೆ. ಅದರಲ್ಲಿ 130ಕ್ಕೂ ಹೆಚ್ಚು ಕಾಲೇಜುಗಳಿವೆ. ಅದರ ಕೆಳಗಿನ ದರ್ಜೆ ಎಫ್‌ಸಿಎಸ್. ಕಾಲೇಜ್ ಕ್ರೀಡೆಗಳನ್ನ ನೋಡಿಕೊಳ್ಳೋ ಎನ್‌ಸಿಎಎ ಸಂಸ್ಥೆ ಹೇಳೋದು ಇಷ್ಟೇ: ಋತುವಿಗೆ 12 ಪಂದ್ಯ ಆಡಬಹುದು. 2006ರಿಂದ ಇದು ಕಾಯಂ ನಿಯಮ. ಹವಾಯಿ ಕಾಲೇಜಿಗೆ, ಹವಾಯಿಗೆ ಹೋಗಿ ಆಡೋರಿಗೆ ಮಾತ್ರ ಇನ್ನೊಂದು ಪಂದ್ಯದ ರಿಯಾಯಿತಿ. ಸಮುದ್ರ ದಾಟೋ ಖರ್ಚು ಹುಟ್ಟಬೇಕಲ್ಲ!

ಕಾಲೇಜುಗಳು ಗುಂಪು ಕಟ್ಟಿಕೊಂಡಿವೆ. ಆ ಗುಂಪಿಗೆ ಕಾನ್ಫರೆನ್ಸ್ ಅಂತ ಹೆಸರು. ಬಿಗ್ ಟೆನ್, ಎಸ್‌ಇಸಿ, ಎಸಿಸಿ, ಬಿಗ್ 12 ಇವು ದೊಡ್ಡವು. 12 ಪಂದ್ಯಗಳಲ್ಲಿ 8 ಅಥವಾ 9 ಪಂದ್ಯವನ್ನ ಕಾನ್ಫರೆನ್ಸೇ ಹಾಕಿಕೊಡುತ್ತೆ. ಉಳಿದ 3 ಅಥವಾ 4 ಪಂದ್ಯಕ್ಕೆ ಎದುರಾಳಿಯನ್ನ ಕಾಲೇಜೇ ಹುಡುಕ್ಕೋಬೇಕು. ಇವೇ ನಾನ್-ಕಾನ್ಫರೆನ್ಸ್ ಪಂದ್ಯಗಳು. ಹುಡುಕೋ ಹೊಣೆ ಕಾಲೇಜಿನ ಅಥ್ಲೆಟಿಕ್ ಡೈರೆಕ್ಟರ್ ಮತ್ತು ಅವರ ಕಚೇರಿಯದು. ಒಂಥರಾ ಸಂಬಂಧ ಕುದುರಿಸೋ ಕೆಲಸ ಅನ್ನಿ. ಎರಡೂ ಕಡೆಯ ತಾರೀಖು ಕೂಡಿಬರಬೇಕು, ಕೊಡೋದು ತಗೊಳ್ಳೋದು ಒಪ್ಪಿಗೆ ಆಗಬೇಕು, ಯಾರ ಮನೆಯಲ್ಲಿ ಕಾರ್ಯ ಅಂತ ತೀರ್ಮಾನ ಆಗಬೇಕು.

ಏಳು ಪಂದ್ಯ ಮನೆಯಲ್ಲೇ

"ಯಾರ ಮನೆಯಲ್ಲಿ" ಅನ್ನೋದೇ ದೊಡ್ಡ ಪ್ರಶ್ನೆ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಅಲ್ಲಿ ಒಂದು ಶನಿವಾರ ಆಟ ನಡೆದರೆ ಟಿಕೆಟ್, ಪಾರ್ಕಿಂಗ್, ತಿಂಡಿ, ಜಾಹೀರಾತು ಸೇರಿ ಬರೋ ದುಡ್ಡು ಬಹಳ ದೊಡ್ಡದು. ಕಾಲೇಜಿನ ಈಜು, ಕುಸ್ತಿ, ಓಟ ಈ ತಂಡಗಳೆಲ್ಲ ನಡೆಯೋದು ಹೆಚ್ಚಾಗಿ ಫುಟ್‌ಬಾಲ್ ದುಡ್ಡಿನಲ್ಲೇ. ಅದಕ್ಕೇ ದೊಡ್ಡ ಕಾಲೇಜುಗಳು ವರ್ಷಕ್ಕೆ ಕನಿಷ್ಠ ಏಳು ಪಂದ್ಯ ತವರಲ್ಲಿ ಬೇಕು ಅಂತ ಹಟ ಹಿಡೀತಾವೆ.

ಈಗ ಲೆಕ್ಕ ನೋಡಿ. ಬಿಗ್ ಟೆನ್‌ನಲ್ಲಿ 2016ರಿಂದ ಕಾನ್ಫರೆನ್ಸ್ ಪಂದ್ಯ ಒಂಬತ್ತು. ಒಂಬತ್ತು ಬೆಸ ಸಂಖ್ಯೆ. ಹಾಗಾಗಿ ಒಂದು ವರ್ಷ ತವರಲ್ಲಿ ಐದು, ಮುಂದಿನ ವರ್ಷ ನಾಲ್ಕು. ಏಳು ಆಗಬೇಕಂದ್ರೆ ಒಂದು ವರ್ಷ ಹೊರಗಿನ ಮೂರರಲ್ಲಿ ಎರಡು ತವರಲ್ಲಿ ಇರಬೇಕು, ಇನ್ನೊಂದು ವರ್ಷ ಮೂರಕ್ಕೆ ಮೂರೂ ತವರಲ್ಲೇ ಇರಬೇಕು.

ಅಯೋವಾ ವಿಶ್ವವಿದ್ಯಾಲಯದ ಉದಾಹರಣೆ ತಗೊಳ್ಳೋಣ. ಅವರಿಗೆ ಪಕ್ಕದ ಅಯೋವಾ ಸ್ಟೇಟ್ ಜೊತೆ ಪ್ರತಿ ವರ್ಷ ಒಂದು ಜಿದ್ದಿನ ಪಂದ್ಯ ಇದೆ. ಆ ಕಾಲೇಜು ಬೇರೆ ಕಾನ್ಫರೆನ್ಸಿನದು. 2024ರಲ್ಲಿ ಬಿಗ್ ಟೆನ್ ಪಂದ್ಯ ನಾಲ್ಕು ತವರಲ್ಲಿತ್ತು. ಅಯೋವಾ ಸ್ಟೇಟ್, ಇಲಿನಾಯ್ ಸ್ಟೇಟ್, ಟ್ರಾಯ್ ಮೂವರೂ ಅಯೋವಾಗೇ ಬಂದ್ರು. ನಾಲ್ಕು ಮತ್ತು ಮೂರು, ಏಳು. 2025ರಲ್ಲಿ ಐದು ಬಿಗ್ ಟೆನ್ ಪಂದ್ಯ ತವರಲ್ಲಿತ್ತು, ಅಯೋವಾ ಸ್ಟೇಟ್ ಊರಿಗೆ ಇವರೇ ಹೋದ್ರು, ಆಲ್ಬನಿ ಮತ್ತು ಮಸಾಚುಸೆಟ್ಸ್ ಇಲ್ಲಿಗೆ ಬಂದವು. ಐದು ಮತ್ತು ಎರಡು, ಮತ್ತೆ ಏಳು. ಕೋಡ್ ಬರೆದಷ್ಟು ಅಚ್ಚುಕಟ್ಟು, ಅಲ್ವಾ?

ಒಂದು ಸಮಸ್ಯೆ ಇದೆ. ಟ್ರಾಯ್, ಆಲ್ಬನಿ ತಂಡಗಳು ಅಯೋವಾಗೆ ಬಂದು ಆಡಿದ್ವು. ಆ ಲೆಕ್ಕಕ್ಕೆ ಅಯೋವಾ ಅವರ ಊರಿಗೆ ಹೋಗುತ್ತಾ? ಇಲ್ಲ. ಹಾಗಾದ್ರೆ ಅವರು ಯಾಕೆ ಬರಬೇಕು? ದುಡ್ಡಿಗೆ.

ಮೂರು ಥರದ ಒಪ್ಪಂದ

ಮೊದಲನೆಯದು, ನೀನು ನಮ್ಮಲ್ಲಿಗೆ, ನಾವು ನಿಮ್ಮಲ್ಲಿಗೆ. ಸಮಬಲದ ಕಾಲೇಜುಗಳು ಮಾಡ್ಕೊಳ್ಳೋದು. ಇದನ್ನ ಬಹಳ ವರ್ಷ ಮೊದಲೇ ಮಾಡ್ತಾರೆ. ಅಲಬಾಮಾ ಮತ್ತು ಒಹಾಯೋ ಸ್ಟೇಟ್ 2027, 2028ರಲ್ಲಿ ಆಡ್ತೀವಿ ಅಂತ ಘೋಷಿಸಿದ್ದು 2020ರಲ್ಲಿ. 2027ರಲ್ಲಿ ಮೈದಾನಕ್ಕಿಳಿಯೋ ಹೊಸ ಹುಡುಗ ಆವಾಗ ಇನ್ನೂ ಐದನೇ ಕ್ಲಾಸ್ ಮಟ್ಟದಲ್ಲಿದ್ದ!

ಎರಡನೆಯದು, ಎರಡಕ್ಕೆ ಒಂದು. ಸಣ್ಣ ಕಾಲೇಜು ಎರಡು ಸಲ ಬರುತ್ತೆ, ದೊಡ್ಡದು ಒಂದು ಸಲ ಹೋಗುತ್ತೆ.

ಮೂರನೆಯದೇ ನಮ್ಮ ಕಥೆ, ಗ್ಯಾರಂಟಿ ಪಂದ್ಯ. ಜನ "ಕೊಂಡುಕೊಂಡ ಪಂದ್ಯ" ಅಂತಲೂ ಅಂತಾರೆ. ಸಣ್ಣ ಕಾಲೇಜು ಒಂದೇ ಸಲ ಬರುತ್ತೆ, ಸೋಲಲಿ ಗೆಲ್ಲಲಿ ಗೊತ್ತುಮಾಡಿದ ಹಣ ತಗೊಂಡು ಹೋಗುತ್ತೆ. ಒಪ್ಪಂದದಲ್ಲಿ ತಾರೀಖು, ಹಣ, ಕೊಡೋ ಗಡುವು, ಎಷ್ಟು ಉಚಿತ ಟಿಕೆಟ್, ಅಂಪೈರ್‌ಗಳು ಯಾವ ಕಾನ್ಫರೆನ್ಸಿನವರು, ಟಿವಿ ಹಕ್ಕು ಯಾರದು, ಮಾತು ತಪ್ಪಿದ್ರೆ ದಂಡ ಎಷ್ಟು, ಎಲ್ಲ ಬರೆದಿರುತ್ತೆ. ಸರ್ಕಾರಿ ವಿಶ್ವವಿದ್ಯಾಲಯ ಆದ್ರೆ ನಮ್ಮ ಆರ್‌ಟಿಐ ಥರದ ಕಾನೂನಿನಲ್ಲಿ ಪತ್ರಕರ್ತರು ಆ ಕಾಗದ ತರಿಸಿಕೊಳ್ತಾರೆ. ಈ ಮೊತ್ತಗಳೆಲ್ಲ ನಮಗೆ ಗೊತ್ತಾಗೋದು ಹಾಗೆ.

ದೊಡ್ಡ ಕಾಲೇಜಿಗೆ ಇದರಿಂದ ತವರು ಪಂದ್ಯದ ಗಳಿಕೆ ಸಿಗುತ್ತೆ, ಒಂದು ಗೆಲುವೂ ಹೆಚ್ಚುಕಮ್ಮಿ ಖಚಿತ. ಋತುವಿನ ಕೊನೆಯ ಬೌಲ್ ಪಂದ್ಯಕ್ಕೆ ಅರ್ಹತೆ ಪಡೆಯೋಕೆ ಸಾಮಾನ್ಯವಾಗಿ ಆರು ಗೆಲುವು ಬೇಕು. ಕೆಳದರ್ಜೆಯ ಎಫ್‌ಸಿಎಸ್ ತಂಡದ ಮೇಲಿನ ಗೆಲುವು ವರ್ಷಕ್ಕೆ ಒಂದೇ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಬಹಳಷ್ಟು ವೇಳಾಪಟ್ಟಿಗಳಲ್ಲಿ ಎಫ್‌ಸಿಎಸ್ ತಂಡ ಒಂದೇ ಇರುತ್ತೆ. ಅಡುಗೆಗೆ ಉಪ್ಪು ಹಾಕಿದ ಹಾಗೆ.

ದುಡ್ಡು ಕೊಟ್ಟು ಸೋತವರು

ಲೆಕ್ಕ ತಪ್ಪೋದೂ ಉಂಟು. 2007ರ ಸೆಪ್ಟೆಂಬರ್ 1. ದೇಶದಲ್ಲಿ ಐದನೇ ರ‍್ಯಾಂಕಿನ ಮಿಷಿಗನ್, ಎಫ್‌ಸಿಎಸ್‌ನ ಅಪಲೇಶಿಯನ್ ಸ್ಟೇಟ್ ತಂಡವನ್ನ 4 ಲಕ್ಷ ಡಾಲರ್ ಕೊಟ್ಟು ಕರೆಸಿತ್ತು. ಆಗಿನ ನಿಯಮದಲ್ಲಿ ಮಿಷಿಗನ್ 85 ಆಟಗಾರರಿಗೆ ಪೂರ್ತಿ ವಿದ್ಯಾರ್ಥಿವೇತನ ಕೊಡಬಹುದಿತ್ತು, ಎಫ್‌ಸಿಎಸ್ ತಂಡಕ್ಕೆ ಇದ್ದದ್ದು 63ರ ಮಿತಿ. ಕೊನೆಯ ಸೆಕೆಂಡುಗಳಲ್ಲಿ ಮಿಷಿಗನ್ ಒದ್ದ ಚೆಂಡನ್ನ ಅಪಲೇಶಿಯನ್ ಆಟಗಾರ ತಡೆದ. 34-32. ಲಕ್ಷಕ್ಕೂ ಹೆಚ್ಚು ಜನ ತುಂಬಿದ್ದ ಸ್ಟೇಡಿಯಂ ಸ್ತಬ್ಧ. ಅದಾದ ಮೇಲೆ ಎಪಿ ಸುದ್ದಿಸಂಸ್ಥೆ ತನ್ನ ರ‍್ಯಾಂಕಿಂಗ್ ನಿಯಮ ಬದಲಿಸಿ, ಎಫ್‌ಸಿಎಸ್ ತಂಡಗಳಿಗೂ ಮತ ಹಾಕಬಹುದು ಅಂತ ಮಾಡ್ತು.

2022ರ ಸೆಪ್ಟೆಂಬರ್ 10 ಇನ್ನೂ ವಿಚಿತ್ರ. ಅದೇ ಅಪಲೇಶಿಯನ್ ಸ್ಟೇಟ್, ಅಷ್ಟೊತ್ತಿಗೆ ಮೇಲಿನ ದರ್ಜೆಗೆ ಬಂದಿತ್ತು, ಟೆಕ್ಸಸ್ ಎ ಆ್ಯಂಡ್ ಎಂ ಮೇಲೆ 17-14 ಗೆದ್ದು 15 ಲಕ್ಷ ಡಾಲರ್ ತಗೊಂಡು ಹೋಯ್ತು. ಅದೇ ದಿನ ಮಾರ್ಷಲ್ ತಂಡ ನಾಟ್ರ ಡೇಮ್ ಮೇಲೆ 26-21 ಗೆದ್ದು 12.5 ಲಕ್ಷ ತಗೊಂಡ್ತು. ಅದೇ ರಾತ್ರಿ ಜಾರ್ಜಿಯಾ ಸದರ್ನ್ ನೆಬ್ರಾಸ್ಕಾ ಮೇಲೆ 45-42 ಗೆದ್ದು 14 ಲಕ್ಷಕ್ಕೂ ಹೆಚ್ಚು ತಗೊಂಡ್ತು. ಮಾರನೇ ದಿನ ನೆಬ್ರಾಸ್ಕಾ ತನ್ನ ಕೋಚ್‌ನ ಕೆಲಸದಿಂದ ತೆಗೀತು. ಒಂದೇ ದಿನದಲ್ಲಿ ಮೂರು ದೊಡ್ಡ ಮನೆ, ಸುಮಾರು 40 ಲಕ್ಷ ಡಾಲರ್, ಮೂರು ಸೋಲು.

ಆದ್ರೆ ಇನ್ನೊಂದು ಮುಖ

ಈ ಕಥೆಗಳನ್ನ ಕೇಳಿದಾಗ ನಾವೆಲ್ಲ ಸಣ್ಣವರ ಪರ ಚಪ್ಪಾಳೆ ಹೊಡೀತೀವಿ. ಚಪ್ಪಾಳೆ ಇಲ್ಲದ ಶನಿವಾರಗಳೇ ಜಾಸ್ತಿ.

2012ರಲ್ಲಿ ಸವಾನಾ ಸ್ಟೇಟ್ ಅನ್ನೋ ಕಾಲೇಜು, ಜಾರ್ಜಿಯಾ ರಾಜ್ಯದ್ದು, ಐತಿಹಾಸಿಕವಾಗಿ ಕಪ್ಪು ಜನಾಂಗದ ವಿದ್ಯಾರ್ಥಿಗಳಿಗಾಗಿ ಶುರುವಾದದ್ದು, ಒಂದು ವಾರದ ಅಂತರದಲ್ಲಿ ಎರಡು ಗ್ಯಾರಂಟಿ ಪಂದ್ಯ ಆಡಿತು. ಮೊದಲನೆಯದು ಒಕ್ಲಹೋಮಾ ಸ್ಟೇಟ್ ಮೇಲೆ: 84-0 ಸೋಲು. ಎರಡನೆಯದು ಫ್ಲಾರಿಡಾ ಸ್ಟೇಟ್ ಮೇಲೆ: 55-0 ಸೋಲು, ಅದೂ ಗುಡುಗು ಮಿಂಚು ಬಂದು ಪಂದ್ಯ ಅರ್ಧಕ್ಕೆ ನಿಂತಿದ್ದಕ್ಕೆ ಅಷ್ಟಕ್ಕೇ ಮುಗೀತು. ಎರಡಕ್ಕೂ ಸೇರಿ ಕಾಲೇಜಿಗೆ ಬಂದದ್ದು 8.6 ಲಕ್ಷ ಡಾಲರ್. ಆ ಕಾಲೇಜಿನ ಕ್ರೀಡಾ ಬಜೆಟ್ಟಿಗೆ ಅದು ಬಹಳ ದೊಡ್ಡ ಮೊತ್ತ.

ಇದು ಮೈಗೆ ಮೈ ಗುದ್ದೋ ಆಟ. ನೂರಿಪ್ಪತ್ತು ಕೆ.ಜಿ. ದಾಟಿದ, ಹೆಚ್ಚು ತರಬೇತಿ ಪಡೆದ ಆಟಗಾರರ ಎದುರಿಗೆ ನಿಂತು ಪೆಟ್ಟು ತಿಂದವರು ಇಪ್ಪತ್ತರ ಆಸುಪಾಸಿನ ಹುಡುಗರು. ಒಪ್ಪಂದಕ್ಕೆ ಸಹಿ ಹಾಕಿದ್ದು ಅವರಲ್ಲ. ಆ ಹಣದಲ್ಲಿ ಒಂದು ಡಾಲರ್ ಕೂಡ ಸಂಬಳ ಅಂತ ಅವರಿಗೆ ಸಿಗಲಿಲ್ಲ, ಯಾಕಂದ್ರೆ ಆಗಿನ ನಿಯಮದಲ್ಲಿ ಆಟಗಾರರಿಗೆ ವಿದ್ಯಾರ್ಥಿವೇತನ ಬಿಟ್ಟು ಸಂಬಳ ಕೊಡೋ ಹಾಗಿರಲಿಲ್ಲ. 2019ರಲ್ಲಿ ಸವಾನಾ ಸ್ಟೇಟ್ ಇನ್ನೂ ಕೆಳಗಿನ ಡಿವಿಷನ್ 2ಕ್ಕೆ ಇಳಿದುಹೋಯ್ತು.

ಹಾಗಂತ ಗ್ಯಾರಂಟಿ ಪಂದ್ಯ ನಿಲ್ಲಿಸಿದ್ರೆ ಸರಿಹೋಗುತ್ತಾ? 2020ರಲ್ಲಿ ಕೋವಿಡ್‌ನಿಂದ ಬಿಗ್ ಟೆನ್, ಎಸ್‌ಇಸಿ ಕಾನ್ಫರೆನ್ಸ್ ಒಳಗಿನ ಪಂದ್ಯ ಮಾತ್ರ ಆಡಿದ್ವು. ಸಣ್ಣ ಕಾಲೇಜುಗಳಿಗೆ ಬರಬೇಕಿದ್ದ ಗ್ಯಾರಂಟಿ ಹಣ ಬರಲಿಲ್ಲ. ಆ ಹಣದ ಮೇಲೆ ನಿಂತಿದ್ದದ್ದು ಫುಟ್‌ಬಾಲ್ ಒಂದೇ ಅಲ್ಲ. ಹುಡುಗಿಯರ ಸಾಕರ್, ಟೆನಿಸ್, ಓಟದ ತಂಡಗಳಿಗೂ ಅದೇ ಆಧಾರ. ಬೇಡ ಅನ್ನೋದು ಸುಲಭ, ಬದಲಿ ದುಡ್ಡು ತೋರಿಸೋದು ಕಷ್ಟ.

ಗಟ್ಟಿ ಎದುರಾಳಿಯನ್ನ ಕರೆದ್ರೆ ಲಾಭ ಏನು?

ಈಗ ದೊಡ್ಡವರ ಚಿಂತೆ. 2024ರಿಂದ ರಾಷ್ಟ್ರೀಯ ಪ್ಲೇಆಫ್‌ಗೆ 12 ತಂಡ ಹೋಗ್ತಾವೆ, ಮೊದಲು ನಾಲ್ಕೇ ಇತ್ತು. ಯಾರು ಹೋಗಬೇಕು ಅಂತ ಮುಖ್ಯವಾಗಿ ಒಂದು ಸಮಿತಿ ತೀರ್ಮಾನಿಸುತ್ತೆ. ಎಷ್ಟು ಗೆದ್ದೆ, ಯಾರ ಮೇಲೆ ಗೆದ್ದೆ ಎರಡನ್ನೂ ನೋಡ್ತೀವಿ ಅಂತ ಸಮಿತಿ ಹೇಳುತ್ತೆ.

2024ರಲ್ಲಿ ಇಂಡಿಯಾನಾ ಲೂಯಿವಿಲ್ ಜೊತೆಗಿನ ಪಂದ್ಯವನ್ನ ರದ್ದು ಮಾಡಿಕೊಂಡಿತ್ತು. ಹೊರಗಿನ ಮೂರೂ ಪಂದ್ಯ ತವರಲ್ಲಿ, ಮೂರೂ ದುರ್ಬಲ ತಂಡಗಳ ಮೇಲೆ. 11-1 ದಾಖಲೆ, ಪ್ಲೇಆಫ್ ಸೀಟು. ಅದೇ ವರ್ಷ ಅಲಬಾಮಾ ವಿಸ್ಕಾನ್ಸಿನ್ ಊರಿಗೆ ಹೋಗಿ ಗೆದ್ದು ಬಂದಿತ್ತು. ಆದ್ರೆ ಕಾನ್ಫರೆನ್ಸ್ ಒಳಗೆ ಮೂರು ಸೋತು 9-3 ಆಗಿ ಹೊರಗುಳೀತು. ಗಟ್ಟಿ ಎದುರಾಳಿಗಳನ್ನ ಹಾಕಿಕೊಳ್ಳೋದರ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತೆ ಅಂತ ಅದರ ಅಥ್ಲೆಟಿಕ್ ಡೈರೆಕ್ಟರ್ ಬಹಿರಂಗವಾಗಿಯೇ ಹೇಳಿದ್ರು. 2025ರಲ್ಲಿ ಟೆಕ್ಸಸ್ ಮೊದಲ ಪಂದ್ಯಕ್ಕೇ ಒಹಾಯೋ ಸ್ಟೇಟ್ ಊರಿಗೆ ಹೋಗಿ 14-7 ಸೋತು, ಕೊನೆಗೆ ಅದೇ 9-3ರಲ್ಲಿ ಹೊರಗುಳೀತು. ಆ ಪಂದ್ಯದ ಬದಲು ಒಂದು ಗ್ಯಾರಂಟಿ ಪಂದ್ಯ ಇದ್ದಿದ್ರೆ 10-2 ಆಗ್ತಿತ್ತು ಅಂತ ಅವರ ಅಭಿಮಾನಿಗಳು ಲೆಕ್ಕ ಹಾಕಿದ್ರೆ ತಪ್ಪಲ್ಲ.

ವಿರುದ್ಧ ಉದಾಹರಣೆಯೂ ಇದೆ. 2024ರಲ್ಲಿ ನಾಟ್ರ ಡೇಮ್, 14 ಲಕ್ಷ ಡಾಲರ್ ಕೊಟ್ಟು ಕರೆಸಿದ ನಾರ್ದರ್ನ್ ಇಲಿನಾಯ್ ಕೈಲಿ 16-14 ಸೋತಿತು. ಆಮೇಲೆ ಎಲ್ಲ ಗೆದ್ದು ಫೈನಲ್ ತನಕ ಹೋಯ್ತು. ಅಂದ್ರೆ ಸುಲಭದ ಪಂದ್ಯವೂ ಖಚಿತವಲ್ಲ, ಒಂದು ಸೋಲು ಕೊನೆಯೂ ಅಲ್ಲ.

ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಏನನ್ನ ಅಳೀತೀರೋ ಜನ ಅದನ್ನೇ ಮಾಡ್ತಾರೆ. ಮುಗಿಸಿದ ಟಿಕೆಟ್ಟಿನ ಸಂಖ್ಯೆ ಎಣಿಸಿದ್ರೆ ಎಲ್ಲರೂ ಸಣ್ಣ ಟಿಕೆಟ್ ಹಿಡ್ಕೊಳ್ತಾರೆ. ಇಲ್ಲೂ ಸಮಿತಿ ಸೋಲನ್ನ ಎಣಿಸಿದ ಹಾಗೆ ಕಂಡ್ರೆ, ಕಾಲೇಜುಗಳು ಗಟ್ಟಿ ಪಂದ್ಯ ಬಿಡ್ತಾವೆ.

ಮುಂದೇನು?

ಎಸ್‌ಇಸಿ 2026ರಿಂದ ಎಂಟರ ಬದಲು ಒಂಬತ್ತು ಕಾನ್ಫರೆನ್ಸ್ ಪಂದ್ಯ ಅಂತ ತೀರ್ಮಾನಿಸಿದೆ. ಜೊತೆಗೆ ಹೊರಗಿನ ಒಂದು ಬಲಿಷ್ಠ ಎದುರಾಳಿಯೂ ಇರಲೇಬೇಕು. ಹನ್ನೆರಡರಲ್ಲಿ ಹತ್ತು ಹೋಯ್ತು, ಉಳಿದದ್ದು ಎರಡು. ಎಸ್‌ಇಸಿಯಲ್ಲಿ 16 ಕಾಲೇಜುಗಳಿವೆ. ತಲಾ ಒಂದು ಜಾಗ ಅಂದ್ರೂ ವರ್ಷಕ್ಕೆ 16 ಹೊರಗಿನ ಜಾಗ ಕಡಿಮೆ ಆಯ್ತು. ನೋಡೋರಿಗೆ ಒಳ್ಳೆಯ ಪಂದ್ಯಗಳು ಸಿಗ್ತಾವೆ, ನಿಜ. ಆದ್ರೆ ಆ ಜಾಗದಲ್ಲಿ ಆಡಿ ವರ್ಷದ ಖರ್ಚು ತೂಗಿಸ್ತಿದ್ದ ಕಾಲೇಜಿಗೆ?

ಇನ್ನೊಂದು ಬದಲಾವಣೆ. 2025ರ ಜುಲೈ 1ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಆ ಮಿತಿ ಮುಟ್ಟುವ ಶಕ್ತಿ ಇರೋದು ದೊಡ್ಡವರಿಗೆ. ಪೆಟ್ಟು ತಿನ್ನೋಕೆ ಬರೋ ಸಣ್ಣ ಕಾಲೇಜಿನ ಹುಡುಗನಿಗೆ ಆ ಪಂದ್ಯದ ಗ್ಯಾರಂಟಿ ಹಣದಲ್ಲಿ ಪಾಲು ಸಿಗಬೇಕು ಅಂತ ಇಲ್ಲಿ ಯಾರೂ ಕಡ್ಡಾಯ ಮಾಡಿಲ್ಲ. ಗ್ಯಾರಂಟಿ ಪಂದ್ಯ ಇರಲಿ, ನನಗೆ ತಕರಾರಿಲ್ಲ. ಅಪಲೇಶಿಯನ್ ಸ್ಟೇಟ್‌ಗೆ ಆ ಬಾಗಿಲು ತೆರೆದದ್ದೂ ಅದೇ. ಆದ್ರೆ ಒಪ್ಪಂದದಲ್ಲಿ ಉಚಿತ ಟಿಕೆಟ್ ಎಷ್ಟು ಅಂತ ಬರೆಯೋಕೆ ಒಂದು ಸಾಲು ಇರುವಾಗ, ಆಡೋ ಹುಡುಗನ ಪಾಲೆಷ್ಟು ಅಂತ ಬರೆಯೋಕೂ ಒಂದು ಸಾಲು ಇರಬಹುದು ಅಂತ ನನ್ನ ಅಭಿಪ್ರಾಯ.

ನಿಮಗೇನನ್ನಿಸುತ್ತೆ, ಹೇಳಿ. ಅಮೆರಿಕದಲ್ಲಿ ಓದಿ ಬಂದವರು ಯಾರಾದ್ರೂ ಇಂಥ ಪಂದ್ಯವನ್ನ ಸ್ಟೇಡಿಯಂನಲ್ಲೇ ಕೂತು ನೋಡಿದ್ರೆ, ನಿಮ್ಮ ಅನುಭವ ಖಂಡಿತ ಬರೀರಿ.