ಬೇಸ್ ಗಿಟಾರಿಗೊಂದು ಕಡಿವಾಣ

ನಮ್ಮ ವಾದ್ಯಗೋಷ್ಠಿಗಳಲ್ಲಿ ಗಾಯಕರಿಗೆ ಚಪ್ಪಾಳೆ, ತಬಲಾದವರಿಗೆ ಶಿಳ್ಳೆ, ಕೀಬೋರ್ಡಿನವರಿಗೆ ನಿರೂಪಕರಿಂದ ಎರಡು ಒಳ್ಳೆಯ ಮಾತು. ಮೂಲೆಯಲ್ಲಿ ನಿಂತು ನಾಲ್ಕು ದಪ್ಪ ತಂತಿ ಮೀಟುವವನನ್ನು ಕೇಳುವವರು ಯಾರು? ಅವನತ್ತ ಜನ ತಿರುಗುವುದು ಎರಡೇ ಸಂದರ್ಭದಲ್ಲಿ: ಬೇಸ್ ಕೇಳಿಸದೇ ಹೋದಾಗ, ಇಲ್ಲವೇ ಬೇಸ್ ಬಿಟ್ಟು ಬೇರೇನೂ ಕೇಳಿಸದೇ ಹೋದಾಗ! ಆ ಮೂಲೆಯವನು ನಾನೇ. ವಾಸ ಸಿಡ್ನಿಯಲ್ಲಿ. ವರ್ಷಕ್ಕೊಂದೆರಡು ಸಲ ಹ್ಯೂಮ್ ಹೈವೇ ಹಿಡಿದು, ಸುಮಾರು 880 ಕಿಲೋಮೀಟರ್ ಕಾರು ಓಡಿಸಿ, ಮೆಲ್ಬರ್ನ್ ಗೆಳೆಯರ ಜೊತೆಗೂ ನುಡಿಸುವ ಚಟ.

ಕಳೆದ ರಾಜ್ಯೋತ್ಸವ ಮುಗಿದ ಮೇಲೆ ನಮ್ಮ ಸಮಿತಿಯಲ್ಲಿ ಒಂದು ಸಲಹೆ ಬಂತು. "ಮುಂದಿನ ಸಲ ಲೈವ್ ವಾದ್ಯ ಬೇಡ, ಕರೋಕೆ ಟ್ರ್ಯಾಕ್ ಹಾಕಿ ಹಾಡಿಸೋಣ." ಊರಿನಿಂದ ಮಕ್ಕಳ ಮನೆಗೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, "ಸಾಹಿತ್ಯಾನೇ ಕೇಳಿಸಲ್ಲಪ್ಪ, ಎದೆಯೊಳಗೆ ಢಂ ಢಂ ಅನ್ನುತ್ತೆ" ಅಂದಿದ್ದರಂತೆ. ದೂರು ಸುಳ್ಳಲ್ಲ. ಆದರೆ ಟ್ರ್ಯಾಕ್ ಬಂದರೆ, ಶನಿವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ಅಭ್ಯಾಸ ಮಾಡುವ ನಮ್ಮ ಐದಾರು ಹುಡುಗ ಹುಡುಗಿಯರಿಗೆ ವೇದಿಕೆಯೇ ಇರುವುದಿಲ್ಲ. ಅಜ್ಜಿ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು ಇವರು. ಪಲ್ಲವಿ ಎಲ್ಲಿ, ಚರಣ ಎಲ್ಲಿ ಎಂದು ತಿಳಿಯಲಿಕ್ಕಾದರೂ ಹಾಡನ್ನು ನೂರು ಸಲ ಕೇಳುತ್ತಾರೆ. ಅದನ್ನು ಕಳೆದುಕೊಳ್ಳುವುದು ನನಗೆ ಇಷ್ಟವಿರಲಿಲ್ಲ. ಹಾಗಾಗಿಯೇ ಈ ಕಂಪ್ರೆಸರ್ ಪೆಡಲ್ ಪುರಾಣ.

ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅತಿ ತೆಳು ತಂತಿ 98 ಸಲ. ನಾಲ್ಕನ್ನೂ ಒಂದೇ ಬಲದಿಂದ ಮೀಟಿದರೂ ಒಂದೇ ಜೋರಿನಲ್ಲಿ ಕೇಳಿಸುವುದಿಲ್ಲ. ಒಂದು ಸ್ವರ ಗುಡುಗಿದರೆ ಪಕ್ಕದ್ದು ಪಿಸುಗುಡುತ್ತದೆ. ಮಿಕ್ಸರ್ ಮುಂದೆ ಕೂತವರು ಪಿಸುಮಾತು ಕೇಳಿಸಲೆಂದು ವಾಲ್ಯೂಮ್ ಏರಿಸುತ್ತಾರೆ, ಮರುಕ್ಷಣವೇ ಗುಡುಗು ಬಂದು ಗಾಯಕಿಯ ಒಂದು ಸಾಲನ್ನು ನುಂಗಿಹಾಕುತ್ತದೆ.

ಕಂಪ್ರೆಸರ್ ಮಾಡುವುದು ಇಷ್ಟೇ: ಯಾರೋ ಒಬ್ಬರು ಸದಾ ವಾಲ್ಯೂಮ್ ಗುಂಡಿಯ ಮೇಲೆ ಕೈಯಿಟ್ಟು, ಜೋರಾದಾಗ ತಗ್ಗಿಸಿ, ಮೆಲ್ಲಗಾದಾಗ ಬಿಟ್ಟುಬಿಡುವ ಕೆಲಸ. ಯಾವ ಮಟ್ಟ ದಾಟಿದರೆ ತಗ್ಗಿಸಬೇಕು ಅನ್ನುವುದು ಥ್ರೆಶೋಲ್ಡ್, ಎಷ್ಟು ಅನ್ನುವುದು ರೇಶಿಯೋ. ರೇಶಿಯೋ 4:1 ಇದ್ದರೆ, ಗೆರೆ ದಾಟಿ 8 ಡೆಸಿಬೆಲ್ ಮೇಲೆ ಹೋದ ಸ್ವರ 2 ಡೆಸಿಬೆಲ್ ಮಾತ್ರ ಮೇಲಿರುತ್ತದೆ. ಹೀಗೆ ಶಿಖರಗಳನ್ನು ತಗ್ಗಿಸಿದ ಮೇಲೆ ಒಟ್ಟು ಧ್ವನಿಯನ್ನು ಗೇನ್ ಗುಂಡಿಯಿಂದ ಮೇಲೆತ್ತಿಕೊಳ್ಳಬಹುದು. ಒಳ್ಳೆಯ ಮೃದಂಗ ವಿದ್ವಾಂಸರಿಗೆ ಇದರ ಅಗತ್ಯವೇ ಇಲ್ಲ. ಹಾಡುವವರು ಮೆಲ್ಲಗಾದ ಕೂಡಲೇ ಅವರ ಎಡಗೈಯೂ ಮೆಲ್ಲಗಾಗುತ್ತದೆ, ಅವರ ಕಂಪ್ರೆಸರ್ ಕಿವಿಯಲ್ಲೇ ಇರುತ್ತದೆ. ನಮ್ಮಂಥ ವಾರಾಂತ್ಯದ ಕಲಾವಿದರಿಗೆ ಡಬ್ಬಿ ಬೇಕು.

ಉಳಿದ ಎರಡು ಗುಂಡಿಗಳಲ್ಲೇ ಇರುವುದು ಆಟ. ಸದ್ದು ಏರಿದ ಮೇಲೆ ಎಷ್ಟು ಬೇಗ ಹಿಡಿಯಬೇಕು ಅನ್ನುವುದು ಅಟ್ಯಾಕ್, ಎಷ್ಟು ಬೇಗ ಬಿಡಬೇಕು ಅನ್ನುವುದು ರಿಲೀಸ್. 41 ಸಲ ಕಂಪಿಸುವ ತಂತಿಯ ಒಂದು ಅಲೆ ಮುಗಿಯಲು ಸುಮಾರು 24 ಮಿಲಿಸೆಕೆಂಡ್ ಬೇಕು. ಎರಡೂ ಗುಂಡಿಗಳನ್ನು ಅತಿ ವೇಗಕ್ಕೆ ತಿರುಗಿಸಿದರೆ ಪೆಡಲ್ ಸ್ವರವನ್ನು ಹಿಡಿಯುವ ಬದಲು ಆ ಅಲೆಯನ್ನೇ ಹಿಡಿಯಲು ಹೋಗಿ ಗೊರಗೊರ ಅನ್ನುತ್ತದೆ. ಬೆರಳು ತಂತಿಗೆ ತಾಗುವ ಮೊದಲ ಟಕ್ ಕೂಡ ಸತ್ತುಹೋಗುತ್ತದೆ, ತಾಳ ಗೊತ್ತಾಗುವುದೇ ಆ ಟಕ್‌ನಿಂದ! ನಾನು ಅಟ್ಯಾಕನ್ನು 20ರಿಂದ 30 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಇಡುತ್ತೇನೆ. ರಿಲೀಸಿಗೆ ಹಾಡಿನ ಲಯವೇ ಲೆಕ್ಕ. ನಿಮಿಷಕ್ಕೆ 120 ಹೊಡೆತದ ಹಾಡಿನಲ್ಲಿ ಅರ್ಧ ಹೊಡೆತವೆಂದರೆ 250 ಮಿಲಿಸೆಕೆಂಡ್. ಅಷ್ಟರೊಳಗೆ ಬಿಡದಿದ್ದರೆ ಮುಂದಿನ ಸ್ವರದ ಕತ್ತು ಹಿಸುಕಿದಂತೆ. ಪೆಡಲಿನ ಮೇಲೆ ಅಂಕಿಗಳಿರದಿದ್ದರೆ ಕಿವಿಯೇ ಗತಿ.

ಹಾಡಿನ ಜಾಯಮಾನವನ್ನೂ ನೋಡಬೇಕು. 1973ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಎಸಿ/ಡಿಸಿ ತಂಡದ ಹಾಡುಗಳಲ್ಲಿ ಬೇಸ್ ಹೆಚ್ಚಾಗಿ ಗಡಿಯಾರದಂತೆ ಸಮನಾಗಿ ಮಿಡಿಯುತ್ತದೆ, ಅದಕ್ಕೆ ಗಟ್ಟಿ ಹಿಡಿತ ಒಪ್ಪುತ್ತದೆ. (ಆ ತಂಡದ ಹೆಸರಿನ ಓಣಿಯೊಂದು 2004ರಿಂದ ಮೆಲ್ಬರ್ನಿನಲ್ಲಿದೆ. ಸಿಡ್ನಿಯವರಿಗೆ ಸ್ವಲ್ಪ ಹೊಟ್ಟೆಯುರಿ!) ಆದರೆ ನಮ್ಮ ಶಂಕರ್‌ನಾಗ್ ಅವರ 'ಗೀತಾ' (1981) ಚಿತ್ರದ ಹಾಡುಗಳನ್ನು ತೆಗೆದುಕೊಳ್ಳಿ. ಇಳಯರಾಜಾ ಅವರ ಬೇಸ್ ಒಂದು ಕಡೆ ಕೂರುವುದಿಲ್ಲ, ಇನ್ನೊಬ್ಬ ಗಾಯಕನಂತೆ ಓಡಾಡುತ್ತದೆ. ಅಲ್ಲಿ ಬಿಗಿ ಹಿಡಿದರೆ ಜೀವವೇ ಹೋದೀತು. ಸ್ವರಗಳ ಏರುಪೇರು 3-4 ಡೆಸಿಬೆಲ್ ತಗ್ಗಿದರೆ ಸಾಕು.

ಕೊಳ್ಳುವವರಿಗೆ ಒಂದು ಮಾತು. ಸಾಮಾನ್ಯ ಗಿಟಾರಿಗೆಂದು ಮಾಡಿದ ಕೆಲವು ಪೆಡಲ್‌ಗಳು ಬೇಸಿನ ತಳವನ್ನೇ ತೆಳ್ಳಗೆ ಮಾಡುತ್ತವೆ. ಬೇಸಿಗೆಂದೇ ಮಾಡಿದ್ದನ್ನು, ಅಥವಾ ಮೂಲ ಧ್ವನಿಯನ್ನೂ ಬೆರೆಸಿಕೊಳ್ಳುವ ಬ್ಲೆಂಡ್ ಗುಂಡಿ ಇರುವುದನ್ನು ನೋಡಿ. ಟ್ಯೂನರ್ ಆದ ತಕ್ಷಣ, ಬೇರೆ ಪೆಡಲ್‌ಗಳಿಗಿಂತ ಮುಂಚೆ ಅದನ್ನು ಜೋಡಿಸುವುದು ವಾಡಿಕೆ. ಅಡಾಪ್ಟರ್ ವಿಷಯದಲ್ಲಿ ಜಿಪುಣತನ ಬೇಡ: ಬಹುತೇಕ ಪೆಡಲ್‌ಗಳಿಗೆ 9 ವೋಲ್ಟ್, ನಡುವಿನ ಪಿನ್ ನೆಗೆಟಿವ್. ಊರಿನಿಂದ ತಂದ ಯಾವುದೋ ಹಳೇ ಅಡಾಪ್ಟರ್ ಸಿಕ್ಕಿಸುವ ಮುನ್ನ ಅದರ ಮೇಲಿನ ಚಿಹ್ನೆ ಓದಿ. ಗೇನ್ ಏರಿಸಿದಷ್ಟೂ ಗುಂಯ್ ಅನ್ನುವ ಸದ್ದೂ ಏರುತ್ತದೆ ಅನ್ನುವುದು ನೆನಪಿರಲಿ.

ಎಲ್ಲಕ್ಕೂ ಪೆಡಲೇ ಮದ್ದಲ್ಲ. 41 ಕಂಪನದ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಸಮುದಾಯ ಭವನಗಳ ಗೋಡೆಯಿಂದ ಗೋಡೆಗೆ ಅದು ಹೊಯ್ದಾಡಿ ಕೆಲವು ಕುರ್ಚಿಗಳಲ್ಲಿ ಗುಡುಗುತ್ತದೆ, ಕೆಲವು ಕಡೆ ಮಾಯವಾಗುತ್ತದೆ. ಅದಕ್ಕೆ ಆಂಪ್ಲಿಫೈಯರನ್ನು ಮೂಲೆಯಿಂದ ಈಚೆಗೆ ಎಳೆಯಬೇಕು, ಈಕ್ವಲೈಸರಿನಲ್ಲಿ ಗುಡುಗುವ ಜಾಗವನ್ನು ಹುಡುಕಿ ತಗ್ಗಿಸಬೇಕು. ಕಂಪ್ರೆಸರ್ ಅತಿಯಾದರಂತೂ ಪ್ರತಿ ಸ್ವರವೂ ಎಳೆದುಕೊಂಡು ನಿಂತು, ಸಾಹಿತ್ಯಕ್ಕೆ ಇದ್ದ ಸಂದಿಯೂ ಮುಚ್ಚಿಹೋಗುತ್ತದೆ.

ಮೊನ್ನೆ ಮೆಲ್ಬರ್ನಿನಲ್ಲಿ ಇದನ್ನೆಲ್ಲ ಪರೀಕ್ಷಿಸಿದೆವು. ಸೌಂಡ್ ಚೆಕ್ ವೇಳೆ ಗೆಳೆಯರ ತಾಯಿಯೊಬ್ಬರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಪೆಡಲ್ ಒಮ್ಮೆ ಹಾಕಿ, ಒಮ್ಮೆ ತೆಗೆದು, ಯಾವುದು ಯಾವುದೆಂದು ಹೇಳದೆ ಒಂದೇ ಹಾಡನ್ನು ನುಡಿಸಿದೆವು. "ಎರಡನೇದರಲ್ಲಿ ಮಾತು ಬಿಡಿಬಿಡಿಯಾಗಿ ಕೇಳ್ತು ಕಣಪ್ಪ, ಬೇಸ್ ಅಂದ್ರೆ ಯಾವುದು?" ಅಂದರು. ಎರಡನೆಯದರಲ್ಲಿ ಪೆಡಲ್ ಹಾಕಿತ್ತು. ಆ ಪ್ರಶ್ನೆಯನ್ನು ನಾನು ಹೊಗಳಿಕೆ ಅಂತಲೇ ತೆಗೆದುಕೊಂಡೆ!

ಯುಗಾದಿ ಕಾರ್ಯಕ್ರಮಕ್ಕೆ ನಾಲ್ಕು ಹಾಡು ಲೈವ್, ಉಳಿದದ್ದು ಟ್ರ್ಯಾಕ್ ಎಂದು ಸಮಿತಿ ಸದ್ಯಕ್ಕೆ ಒಪ್ಪಿದೆ. ಆ ನಾಲ್ಕು ಹಾಡು ಕೇಳಿದ ಮೇಲೆ ಮುಂದಿನ ತೀರ್ಮಾನ. ಮನೆಯಲ್ಲಿ ಬೇಸ್ ಕಲಿಯುತ್ತಿರುವ ಮಕ್ಕಳಿದ್ದರೆ ಶನಿವಾರದ ಅಭ್ಯಾಸಕ್ಕೆ ಕಳಿಸಿಕೊಡಿ. ಪೆಡಲ್ ನಾನು ತರುತ್ತೇನೆ, ಕೇಬಲ್ ಮಾತ್ರ ಒಂದಲ್ಲ, ಎರಡು ತರಲಿ.