ಕೊಡಚಾದ್ರಿ ಜೀಪ್ ಮಾರ್ಗ

ಕೊಡಚಾದ್ರಿ ಜೀಪ್ ಮಾರ್ಗವು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ಕೊಡಚಾದ್ರಿ ಬೆಟ್ಟವನ್ನು ಏರುವ ಕಡಿದಾದ ಕಚ್ಚಾ ದಾರಿಯಾಗಿದೆ. ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಈ ಬೆಟ್ಟವು ಪಶ್ಚಿಮ ಘಟ್ಟದ ಶ್ರೇಣಿಗೆ ಸೇರಿದ್ದು, ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದ ಸೆರಗಿನಲ್ಲಿದೆ. ಯಾತ್ರಿಕರೂ ಪ್ರವಾಸಿಗರೂ ಬಾಡಿಗೆ ಜೀಪುಗಳಲ್ಲಿ ಈ ದಾರಿಯನ್ನು ಕ್ರಮಿಸುತ್ತಾರೆ.

ಮಾರ್ಗ

ಕೊಲ್ಲೂರಿನಿಂದ ಹೊರಡುವ ಜೀಪುಗಳು ನಾಗೋಡಿ ಹಾಗೂ ಕಟ್ಟಿನಹೊಳೆಯ ಮೂಲಕ ಸುಮಾರು 40 ಕಿ.ಮೀ. ಸಾಗಿ ಬೆಟ್ಟವನ್ನು ತಲುಪುತ್ತವೆ. ಆರಂಭದ ಭಾಗ ಡಾಂಬರು ರಸ್ತೆಯಾಗಿದ್ದು, ಕೊನೆಯ ಏರು ಮಾತ್ರ ಕಲ್ಲು, ಕೊರಕಲು ಮತ್ತು ಕೆಂಪು ಮಣ್ಣಿನಿಂದ ಕೂಡಿದೆ. ವಾಹನಗಳು ಮೂಲ ಮೂಕಾಂಬಿಕಾ ದೇವಸ್ಥಾನದ ಸಮೀಪ ನಿಲ್ಲುತ್ತವೆ. ಶಂಕರಾಚಾರ್ಯರು ತಪಸ್ಸು ಮಾಡಿದರೆಂಬ ಪ್ರತೀತಿಯಿರುವ ಸರ್ವಜ್ಞ ಪೀಠದ ಶಿಲಾಮಂಟಪಕ್ಕೆ ಅಲ್ಲಿಂದ ಕಾಲ್ನಡಿಗೆಯಲ್ಲೇ ಹೋಗಬೇಕು.

ವಾಹನ ಮತ್ತು ಚಾಲನೆ

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಆ ಚಕ್ರಗಳು ಸಡಿಲ ಮಣ್ಣಿನಲ್ಲಿ ಜಾರಿದರೆ ವಾಹನ ಅಲ್ಲಿಯೇ ನಿಲ್ಲುತ್ತದೆ. ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಮುಂದಿನ ಹಾಗೂ ಹಿಂದಿನ ಚಕ್ರಗಳೆರಡಕ್ಕೂ ಶಕ್ತಿ ದೊರೆಯುವುದರಿಂದ, ಒಂದು ಕಡೆ ಹಿಡಿತ ತಪ್ಪಿದರೂ ಇನ್ನೊಂದು ಕಡೆಯ ಚಕ್ರಗಳು ವಾಹನವನ್ನು ಎಳೆಯಬಲ್ಲವು. ಇಳಿಜಾರಿನಲ್ಲಿ ಅನುಭವಿ ಚಾಲಕರು ಬ್ರೇಕನ್ನೇ ನೆಚ್ಚದೆ ಕೆಳ ಗೇರಿನಲ್ಲಿ ಎಂಜಿನ್ನಿನ ತಡೆಯಿಂದ ವೇಗವನ್ನು ಹಿಡಿದಿಡುತ್ತಾರೆ. ಬ್ರೇಕ್ ಬಲವಾಗಿ ಒತ್ತಿದರೆ ಚಕ್ರಗಳು ಸ್ತಬ್ಧವಾಗಿ ವಾಹನವು ಜಾರುವ ಅಪಾಯವಿದೆ. ಕಿರಿದಾದ ಘಟ್ಟದ ದಾರಿಯಲ್ಲಿ ಏರುತ್ತಿರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ಸಂಚಾರ ನಿಯಮವಾಗಿದೆ.

ಎಟಿವಿ ಎಂದು ಕರೆಯಲ್ಪಡುವ, ದಪ್ಪ ಟೈರುಗಳ ಚಿಕ್ಕ ವಾಹನಗಳು ಭಾರತದಲ್ಲಿ ಹೆಚ್ಚಾಗಿ ರೆಸಾರ್ಟುಗಳ ಖಾಸಗಿ ಆವರಣಗಳಲ್ಲಿ ಬಳಕೆಯಲ್ಲಿವೆ.

ಪರಿಸರದ ಮೇಲಿನ ಪರಿಣಾಮ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಭಾರೀ ಮಳೆಯಾಗುತ್ತದೆ. ಚಕ್ರಗಳು ಕೊರೆದ ಗೆರೆಗಳಲ್ಲಿ ಮಳೆನೀರು ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಕೊರಕಲು ಆಳವಾದಾಗ ಮುಂದಿನ ಚಾಲಕ ಅದನ್ನು ತಪ್ಪಿಸಿ ಪಕ್ಕದ ಹುಲ್ಲಿನ ಮೇಲೆ ಹಾಯುತ್ತಾನೆ. ಹೀಗೆ ದಾರಿ ಅಗಲವಾಗುತ್ತಲೇ ಹೋಗಿ, ಮಣ್ಣನ್ನು ಹಿಡಿದಿಟ್ಟ ಹುಲ್ಲಿನ ಬೇರು ನಾಶವಾಗುತ್ತದೆ. ಬೆಟ್ಟದ ಹುಲ್ಲುಗಾವಲು ಮತ್ತು ಶೋಲಾ ಕಾಡು ಮಳೆನೀರನ್ನು ಇಂಗಿಸಿ ತೊರೆಗಳಿಗೆ ಉಣಿಸುವುದರಿಂದ ಈ ಹಾನಿ ಕೆಳಗಿನ ಊರುಗಳಿಗೂ ತಟ್ಟುತ್ತದೆ. ಆದರೆ ಜೀಪು ಓಡಿಸುವ ಸ್ಥಳೀಯ ಕುಟುಂಬಗಳಿಗೆ ಇದೇ ಜೀವನೋಪಾಯ. ನಡೆಯಲಾರದ ವೃದ್ಧ ಯಾತ್ರಿಕರಿಗೆ ಇದೇ ಆಸರೆ. ಆದ್ದರಿಂದ ಸಂಚಾರವನ್ನು ಒಂದೇ ದಾರಿಗೆ ಸೀಮಿತಗೊಳಿಸುವುದು ಹಾಗೂ ನೀರು ಹರಿದುಹೋಗಲು ಅಡ್ಡ ಕಾಲುವೆ ತೋಡುವುದು ಇಂತಹ ಮಾರ್ಗಗಳಿಗೆ ಮುಖ್ಯವಾದ ಉಪಾಯಗಳಾಗಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಪ್ರವೇಶವು ನಿರ್ಬಂಧಿತವಾಗಿದ್ದು, ಪ್ರವಾಸಕ್ಕೆ ಅನುಮತಿ ಅಗತ್ಯ.

ಇತರ ಮಾರ್ಗಗಳು

ಕೊಡಗಿನ ಮಡಿಕೇರಿ ಬಳಿಯ ಮಾಂದಲಪಟ್ಟಿ ಹಾಗೂ ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿ ಸಮೀಪದ ಹೆಬ್ಬೆ ಜಲಪಾತದ ದಾರಿಗಳು ಇದೇ ಬಗೆಯವು.

ಬಯಲುಸೀಮೆಯೊಂದಿಗೆ ಹೋಲಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಕಷ್ಟದ ಸ್ವರೂಪವೇ ಬೇರೆ. ಅಲ್ಲಿ ಏರು ಕಡಿಮೆ. ಆದರೆ ಬಸಾಲ್ಟ್ ಶಿಲೆಯಿಂದಾದ ಕಪ್ಪು ಜೇಡಿ ನೀರು ಹೀರಿ ಉಬ್ಬುತ್ತದೆ. ತೊಗರಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಮಳೆ ಬಿದ್ದೊಡನೆ ಟೈರಿನ ಹಲ್ಲುಗಳ ನಡುವೆ ಕೆಸರು ತುಂಬಿ ಅದು ನುಣುಪಾಗುತ್ತದೆ. ನಾಲ್ಕೂ ಚಕ್ರಗಳು ಹಿಡಿತ ಕಳೆದುಕೊಳ್ಳುವುದರಿಂದ ನಾಲ್ಕು ಚಕ್ರ ಚಾಲನೆಯೂ ಅಷ್ಟಾಗಿ ನೆರವಾಗದು. ನೆಲ ಆರುವವರೆಗೆ ಕಾಯುವುದೇ ಸುರಕ್ಷಿತ. ಬೆಟ್ಟದಲ್ಲಾಗಲಿ ಬಯಲಿನಲ್ಲಾಗಲಿ ವಾಹನದ ಸಾಮರ್ಥ್ಯವನ್ನು ನಿರ್ಧರಿಸುವಲ್ಲಿ ಎಂಜಿನ್ನಿನಷ್ಟೇ ಪಾತ್ರ ಮಣ್ಣಿನದ್ದೂ ಆಗಿದೆ.